ಬೀಳುವುದು ಮಂಚದಿಂದಲೇ ಶುರು

‘ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರಂತೆ’ ಎಂಬ ಸುದ್ದಿ ಬಂದರೆ ಎಲ್ಲರೂ ಬೈಯುವುದು ಟೈಲ್ಸನ್ನು. ಅದರ ಪಾಲೂ ಇದೆ. ಆದರೆ ಎಷ್ಟೋ ಸಲ ಆಯ ತಪ್ಪಿರುವುದು ಬಚ್ಚಲು ತಲುಪುವ ಮೊದಲೇ, ಮಂಚದಿಂದ ಎದ್ದಾಗ.

ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳಗಳಲ್ಲಿರುವ ಒತ್ತಡ ಗ್ರಾಹಕಗಳು ಇದನ್ನು ಗುರುತಿಸಿದ ಕೂಡಲೇ ಹೃದಯದ ಬಡಿತ ಏರುತ್ತದೆ, ನಾಳಗಳು ಬಿಗಿಯುತ್ತವೆ. ವಯಸ್ಸಾದಂತೆ ಈ ಪ್ರತಿಕ್ರಿಯೆ ತಡವಾಗುತ್ತದೆ; ಅಷ್ಟರಲ್ಲಿ ಕಣ್ಣು ಕತ್ತಲೆ ಬಂದಿರುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಥವಾ ಕೆಳಗಿನದು 10 ಅಂಕ ಇಳಿದರೆ ವೈದ್ಯರು ಅದನ್ನು ತೊಂದರೆ ಎಂದೇ ಪರಿಗಣಿಸುತ್ತಾರೆ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸಬಲ್ಲವು. ನಿದ್ರೆ ಮಾತ್ರೆಯ ಮಂಪರು ಬೇರೆ. ಹಾಗೆಂದು ತಾವೇ ಮಾತ್ರೆ ಬಿಡುವುದಲ್ಲ. ಕೂರಿಸಿ ಬಿ.ಪಿ. ನೋಡಿದರೆ ಈ ಇಳಿತ ಕಾಣುವುದೇ ಇಲ್ಲವಾದ್ದರಿಂದ, ‘ನಿಲ್ಲಿಸಿಯೂ ಒಮ್ಮೆ ನೋಡಿ ಡಾಕ್ಟ್ರೇ’ ಎಂದು ಕೇಳಬೇಕು. ಎದ್ದು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ನಿಲ್ಲುವುದು ಬಿಟ್ಟಿ ಔಷಧ.

ನಿಂತ ಮೇಲೆ ಆಯ ಹಿಡಿಯುವುದು ಕಣ್ಣು, ಒಳಗಿವಿ ಮತ್ತು ಅಂಗಾಲು. ಹಳೆಯ ಸಕ್ಕರೆ ಕಾಯಿಲೆ ಅಂಗಾಲಿನ ಸ್ಪರ್ಶವನ್ನು ಮಂದ ಮಾಡಿರಬಹುದು, ಒಳಗಿವಿಯೂ ವಯಸ್ಸಿನೊಂದಿಗೆ ಸೊರಗುತ್ತದೆ. ಉಳಿದದ್ದು ಕಣ್ಣು. ಕರೆಂಟು ಉಳಿಸಲೆಂದು ಜೀರೋ ಬಲ್ಬನ್ನೂ ಆರಿಸುವ ಹಿರಿಯರು ಅದನ್ನೂ ಕೈಬಿಟ್ಟು ಕತ್ತಲಲ್ಲಿ ಹೊರಡುತ್ತಾರೆ!

ಬಚ್ಚಲಿನಲ್ಲಿ ನಾನು ಮೊದಲು ನೋಡುವುದು ಟವೆಲ್ ರಾಡನ್ನು. ಜಾರಿದ ಕೈ ಹಿಡಿಯುವುದು ಅದನ್ನೇ, ಆದರೆ ಅದು ಒಣ ಬಟ್ಟೆಯ ಭಾರಕ್ಕೆ ಕೂರಿಸಿದ್ದು. ಕಮೋಡಿನ ಪಕ್ಕದಲ್ಲಿ, ಸ್ನಾನದ ಜಾಗದಲ್ಲಿ ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕೆ ಬೇಕು. ಜಾರುವ ಮ್ಯಾಟು, ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಬಾಗಿಲ ಬಳಿಯ ಪುಟ್ಟ ಮೆಟ್ಟಿಲಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ. ಬೈಫೋಕಲ್ ಕನ್ನಡಕದ ಕೆಳಭಾಗ ಓದುವುದಕ್ಕಾಗಿ ಇರುವುದರಿಂದ ಅದರಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ.

ಒಮ್ಮೆ ಬಿದ್ದವರಿಗೆ ಮನೆಯವರು ಕೊಡುವ ಶಿಕ್ಷೆ ಇನ್ನೊಂದು: ‘ನೀವು ಏಳಲೇಬೇಡಿ, ನೀರು ನಾವೇ ತಂದುಕೊಡ್ತೀವಿ.’ ಕೂತಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಮತ್ತೆ ಬೀಳುವ ಅಪಾಯ ಬೆಳೆಯುತ್ತದೆ. 2019ರ ಕಾಕ್ರೇನ್ ವಿಮರ್ಶೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ಶೇ 23ರಷ್ಟು ತಗ್ಗುತ್ತದೆಂದು ಕಂಡುಕೊಂಡಿತು. ಅಡುಗೆ ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಇಂಥವೇ. ಮೂಳೆ ಮುರಿದಿದ್ದವರು, ತಲೆಸುತ್ತು ಇರುವವರು ಫಿಸಿಯೋಥೆರಪಿಸ್ಟ್ ಎದುರಿಗೇ ಶುರುಮಾಡಲಿ.