ನಿಮಗಿದು ಗೊತ್ತೆ? ಸಹಾರಾದ ನೆತ್ತಿಯಲ್ಲೊಂದು ಬಿಳಿ ಬಟ್ಟಲು

ಸಹಾರಾ ಎಂದೊಡನೆ ಮರಳ ದಿಬ್ಬಗಳೇ ಕಣ್ಣಿಗೆ ಕಟ್ಟುತ್ತವೆ. ಆದರೆ ಅದೇ ಮರುಭೂಮಿಯ ಅತಿ ಎತ್ತರದ ಶಿಖರ ಎಮಿ ಕೂಸಿ, ಚಾಡ್ ದೇಶದ ಟಿಬೆಸ್ಟಿ ಬೆಟ್ಟಸಾಲಿನಲ್ಲಿದೆ. ಎತ್ತರ 3,415 ಮೀಟರ್. ಹೆಸರು ಕೇಳಿದವರು ವಿರಳ.

ಇದೊಂದು ಜ್ವಾಲಾಮುಖಿ. ನೆತ್ತಿಯಲ್ಲಿ 10 ಕಿ.ಮೀ.ಗೂ ಹೆಚ್ಚು ಅಗಲದ ಕುಳಿ, ಅದರೊಳಗೆ ಎರಾ ಕೊಹೋರ್ ಎಂಬ ಇನ್ನೊಂದು ಕುಳಿ. ಅದರ ತಳದಲ್ಲಿ ಸೋಡಾ ಉಪ್ಪು ಹಿಮ ಬಿದ್ದಂತೆ ಬೆಳ್ಳಗೆ ಹರಡಿದೆ. ಆ ನೋಟವೊಂದಕ್ಕೇ ಹತ್ತಿದ ಶ್ರಮ ಸಾರ್ಥಕ.

ಕಷ್ಟವೆಲ್ಲ ಬುಡ ತಲುಪುವುದರಲ್ಲಿ. ದಕ್ಷಿಣದ ಫಾಯಾ ಪಟ್ಟಣದಿಂದ ಸುಮಾರು 200 ಕಿ.ಮೀ. ದೂರ, ಕುಡಿಯುವ ನೀರು ಹೊತ್ತೇ ಸಾಗಬೇಕು. ಲಿಬಿಯಾ ಜತೆಗಿನ ಯುದ್ಧದ ನೆಲಬಾಂಬುಗಳು ಈ ಸೀಮೆಯಲ್ಲಿ ಇನ್ನೂ ಹೂತಿರುವುದರಿಂದ, ದಾರಿ ಬಲ್ಲ ಸ್ಥಳೀಯ ತೆದಾ ಜನರ ಜತೆಯಿಲ್ಲದೆ ಹೆಜ್ಜೆ ಇಡುವಂತಿಲ್ಲ. ಹೊರಡಲು ಚಳಿಗಾಲವೇ ಸರಿ, ಆದರೆ ಮೇಲೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ.

ಇಂಥ ಹಾದಿಯನ್ನೂ ಸವೆಸಿದವರಿದ್ದಾರೆ: 1938ರಲ್ಲಿ ಬ್ರಿಟಿಷ್ ಅನ್ವೇಷಕ ವಿಲ್ಫ್ರೆಡ್ ಥೆಸಿಗರ್ ಸುಡಾನಿನಿಂದ ಟಿಬೆಸ್ಟಿಗೆ ಬಂದದ್ದು ಒಂಟೆಗಳೊಂದಿಗೆ.