ರಕ್ತದ ರಿಪೋರ್ಟು ನಾರ್ಮಲ್ ಬಂದರೆ ಸಾಕೆ?

‘ನೋಡೇ, ಎಲ್ಲಾ ನಾರ್ಮಲ್ಲು! ಸುಮ್ಮನೆ ಹೆದರಿಸ್ತಿದ್ದೆ ನೀನು.’

ರಕ್ತಪರೀಕ್ಷೆಯ ಲಕೋಟೆಯನ್ನು ಮೇಜಿನ ಮೇಲೆ ಹಾಕಿ, ಯಜಮಾನರು ಜೇಬಿನಿಂದ ಸಿಗರೇಟು ತೆಗೆದುಕೊಂಡು ಹಿತ್ತಲಿಗೆ ನಡೆಯುತ್ತಾರೆ. ಒಳಗೆ ಕಾಫಿ ಸೋಸುತ್ತಿರುವ ನಿಮಗೆ ಅವರ ಕೆಮ್ಮು ಕೇಳಿಸುತ್ತದೆ. ಈಗ ಯಾವುದನ್ನು ನಂಬುವುದು? ರಿಪೋರ್ಟನ್ನೋ, ಕೆಮ್ಮನ್ನೋ?

ರಿಪೋರ್ಟು ಸುಳ್ಳು ಹೇಳಿಲ್ಲ. ಆದರೆ ರಕ್ತ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಸಕ್ಕರೆ ಎಷ್ಟು ಎಂದು ಕೇಳಿದರೆ ಸಕ್ಕರೆಯ ಲೆಕ್ಕ ಹೇಳುತ್ತದೆ. ಶ್ವಾಸಕೋಶದ ಸಮಾಚಾರ ಹೇಳುವುದಿಲ್ಲ. ಬೀಡಿ, ಸಿಗರೇಟು ಸೇದುವವರ ಮನೆಯಲ್ಲಿ ಯಾವ ಪರೀಕ್ಷೆ ಏನು ಹೇಳುತ್ತದೆಂಬುದು ಗೃಹಿಣಿಗೆ ತಿಳಿದಿದ್ದರೆ ಒಳ್ಳೆಯದು.

ಹಿಮೋಗ್ಲೋಬಿನ್ ಹೆಚ್ಚಿದ್ದರೆ ಹಿಗ್ಗಬೇಡಿ

ನಮ್ಮಲ್ಲಿ ಹೆಂಗಸರಿಗೆ ರಕ್ತ ಕಡಿಮೆ ಎಂಬ ಮಾತೇ ಹೆಚ್ಚು. ಹಾಗಾಗಿ ಮನೆಯವರ ಹಿಮೋಗ್ಲೋಬಿನ್ 17 ದಾಟಿದೆ ಎಂದರೆ ‘ಅಬ್ಬಾ, ರಕ್ತ ಚೆನ್ನಾಗಿದೆ’ ಅಂದುಕೊಳ್ಳುತ್ತೇವೆ. ಸೇದುವವರಲ್ಲಿ ಇದಕ್ಕೆ ಬೇರೆ ಅರ್ಥವಿರಬಹುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಬೇರೆಯವರು ಕೂತುಬಿಟ್ಟರೆ ಟಿಕೆಟ್ ಇದ್ದವರು ನಿಲ್ಲಬೇಕಾದಂತೆ ಆಮ್ಲಜನಕದ ಪಾಡು. ಈ ಕೊರತೆ ತುಂಬಲು ದೇಹ ಹೆಚ್ಚು ಹೆಚ್ಚು ಕೆಂಪು ಕಣ ತಯಾರಿಸುತ್ತದೆ. ರಕ್ತ ಗಟ್ಟಿಯಾಗುತ್ತದೆ, ಹೆಪ್ಪುಗಟ್ಟುವ ಭಯವೂ ಹೆಚ್ಚುತ್ತದೆ.

ಸಿ.ಆರ್.ಪಿ. ಎಂಬುದು ಇನ್ನೊಂದು ಪರೀಕ್ಷೆ. ದೇಹದಲ್ಲಿ ಎಲ್ಲಾದರೂ ಉರಿಯೂತವಿದ್ದರೆ ಪಿತ್ತಜನಕಾಂಗ ತಯಾರಿಸುವ ಪ್ರೋಟೀನ್ ಇದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಸಂಶೋಧಕರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಇದರ ಸೂಕ್ಷ್ಮ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3ಕ್ಕಿಂತ ಮೇಲಿದ್ದರೆ ಹೆಚ್ಚು ಎಂದು ಲೆಕ್ಕ. ಸೇದುವವರಲ್ಲಿ ಸಾಮಾನ್ಯವಾಗಿ ಇದು ಏರಿರುತ್ತದೆ. ಆದರೆ ನೆಗಡಿ, ಜ್ವರ, ಹಲ್ಲಿನ ಕೀವು ಇದ್ದರೂ ಏರುತ್ತದೆ. ಹಾಗಾಗಿ ಜ್ವರ ಬಂದಾಗ ಮಾಡಿಸಿ ಗಾಬರಿಯಾಗಬೇಡಿ.

‘ಗ್ಯಾಸ್ ಇರ್ಬೇಕು, ಜೀರಿಗೆ ಕಷಾಯ ಕೊಡು’

ಮಧ್ಯರಾತ್ರಿ ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು ಬಂದಾಗ ಎಷ್ಟೋ ಗಂಡಸರು ಹೇಳುವ ಮಾತಿದು. ದಯವಿಟ್ಟು ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಇ.ಸಿ.ಜಿ. ಜೊತೆಗೆ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಟ್ರೋಪೋನಿನ್ ಹೃದಯದ ಸ್ನಾಯುವಿನ ಒಳಗಿರಬೇಕಾದ ಪ್ರೋಟೀನ್. ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತದೆ. ಸೋರಿದ್ದು ರಕ್ತದಲ್ಲಿ ಕಾಣಿಸಲು ಕೆಲವು ಗಂಟೆ ಬೇಕಾಗಬಹುದು. ಆದ್ದರಿಂದಲೇ ವೈದ್ಯರು ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ರಕ್ತ ತೆಗೆಯುತ್ತಾರೆ. ‘ಮೊದಲನೇದೇ ಸರಿಯಾಗಿದೆಯಲ್ಲ, ಮನೆಗೆ ಹೋಗೋಣ’ ಎಂದು ಅವರು ಹಟ ಹಿಡಿದರೆ, ಒಪ್ಪಬೇಡಿ.

ಇನ್ನು ಮೆಟ್ಟಿಲು ಹತ್ತಿದರೆ ಏದುಸಿರು. ತಪ್ಪು ಹೃದಯದ್ದೋ, ಶ್ವಾಸಕೋಶದ್ದೋ? ಇಲ್ಲಿ ಬಿ.ಎನ್.ಪಿ. ಪರೀಕ್ಷೆ ನೆರವಾಗುತ್ತದೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಹಂದಿಯ ಮಿದುಳಿನಲ್ಲಿ! ಆಮೇಲೆ ತಿಳಿಯಿತು, ಹೃದಯದ ಗೋಡೆ ಒತ್ತಡದಿಂದ ಹಿಗ್ಗಿದಾಗ ಅದೇ ಇದನ್ನು ಹೇರಳವಾಗಿ ಸುರಿಸುತ್ತದೆ ಎಂದು. ಇದು ಬಹಳ ಕಡಿಮೆಯಿದ್ದರೆ ಏದುಸಿರಿಗೆ ಹೃದಯ ಸೋತಿರುವುದೇ ಕಾರಣ ಎನ್ನುವ ಸಂಭವ ಕಡಿಮೆ. ವೈದ್ಯರು ಶ್ವಾಸಕೋಶದ ಕಡೆ ತಿರುಗುತ್ತಾರೆ.

ಶ್ವಾಸಕೋಶಕ್ಕೆ ಊದುವ ಪರೀಕ್ಷೆ

ಹೊಗೆಯಿಂದ ಶ್ವಾಸನಾಳಗಳು ಕಿರಿದಾಗುವ ರೋಗಕ್ಕೆ ಸಿ.ಒ.ಪಿ.ಡಿ. ಎನ್ನುತ್ತಾರೆ. ಇದನ್ನು ಖಚಿತವಾಗಿ ಹಿಡಿದುಕೊಡುವ ರಕ್ತಪರೀಕ್ಷೆ ಇಲ್ಲ. ರಕ್ತದ ಇಯೋಸಿನೋಫಿಲ್ ಕಣಗಳ ಲೆಕ್ಕ, ಯಾವ ಔಷಧಿ ಹಿಡಿಸೀತು ಎಂದು ವೈದ್ಯರಿಗೆ ಸೂಚನೆ ಕೊಡುತ್ತದೆ, ಅಷ್ಟೆ. ರೋಗ ಇದೆಯೋ ಇಲ್ಲವೋ ತಿಳಿಯಲು ಸ್ಪೈರೋಮೀಟರ್ ಎಂಬ ಯಂತ್ರಕ್ಕೆ ಊದಬೇಕು. ಉಸಿರು ತುಂಬಾ ಎಳೆದುಕೊಂಡು ಜೋರಾಗಿ ಊದಿದಾಗ, ಒಟ್ಟು ಉಸಿರಿನ ನೂರಕ್ಕೆ ಎಪ್ಪತ್ತು ಪಾಲಾದರೂ ಮೊದಲ ಒಂದು ಸೆಕೆಂಡಿನಲ್ಲೇ ಹೊರಬರಬೇಕು. ನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಅಷ್ಟು ಬಾರದಿದ್ದರೆ ದಾರಿ ಕಟ್ಟಿದೆ ಎಂದರ್ಥ. ಸೂಜಿಯಿಲ್ಲ, ನೋವಿಲ್ಲ. ಆದರೂ ‘ಎಲ್ಲಾ ನಾರ್ಮಲ್’ ಎಂದ ಎಷ್ಟೋ ಲಕೋಟೆಗಳಲ್ಲಿ ಈ ಒಂದು ಹಾಳೆಯೇ ಇರುವುದಿಲ್ಲ.

ಕ್ಯಾನ್ಸರಿಗೂ ಅಷ್ಟೆ. ‘ಕ್ಯಾನ್ಸರ್ ಮಾರ್ಕರ್’ ಸರಿಯಿದೆ ಎಂದಮಾತ್ರಕ್ಕೆ ಶ್ವಾಸಕೋಶ ಸ್ವಚ್ಛ ಎಂದಲ್ಲ. ಬಹಳ ವರ್ಷ, ಬಹಳ ಸೇದಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಬೇಕೆ ಎಂದು ವೈದ್ಯರನ್ನೇ ಕೇಳಿ. 2011ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಎಕ್ಸ್‌ರೇ ತೆಗೆಸಿಕೊಂಡವರಿಗಿಂತ ಈ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ನೂರಕ್ಕೆ ಇಪ್ಪತ್ತರಷ್ಟು ಕಡಿಮೆಯಾಗಿತ್ತು.

ನಿಮ್ಮ ರಕ್ತದಲ್ಲೂ ಇದೆ ಸಾಕ್ಷಿ

‘ಸೇದೋದು ನಾನು, ನಿನಗೇನು?’ ಎನ್ನುವವರಿಗೆ ಉತ್ತರ ಇಲ್ಲಿದೆ. ದೇಹಕ್ಕೆ ಹೊಕ್ಕ ನಿಕೋಟಿನ್, ಕೋಟಿನಿನ್ ಎಂಬ ವಸ್ತುವಾಗಿ ಕೆಲವು ದಿನ ರಕ್ತದಲ್ಲಿ ಉಳಿಯುತ್ತದೆ. ಒಂದು ಬೀಡಿಯನ್ನೂ ಮುಟ್ಟದ ಹೆಂಡತಿಯ ರಕ್ತದಲ್ಲಿ, ತೊಡೆಯ ಮೇಲೆ ಆಡುವ ಮಗುವಿನ ರಕ್ತದಲ್ಲಿ ಕೂಡ ಅದು ಸಿಗುತ್ತದೆ. ಜಪಾನಿನಲ್ಲಿ ತಕೇಶಿ ಹಿರಯಾಮಾ ಎಂಬ ವಿಜ್ಞಾನಿ, ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ಪ್ರಕಟಿಸಿದರು: ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು.

ಇನ್ನೊಂದು ಮಾತು. ಸೌದೆ ಒಲೆಯ ಹೊಗೆಯೂ ಸಿ.ಒ.ಪಿ.ಡಿ. ತರುತ್ತದೆ. ವರ್ಷಗಟ್ಟಲೆ ಒಲೆ ಊದಿದ ನಿಮಗೆ ಕೆಮ್ಮು, ಉಬ್ಬಸ ಇದ್ದರೆ, ಅವರ ಜೊತೆ ನೀವೂ ಊದಿ ಬನ್ನಿ.

ಬಿಟ್ಟರೆ ಏನು ಲಾಭ?

ಕೊನೆಯ ಸಿಗರೇಟು ಆರಿಸಿದ ಒಂದೆರಡು ದಿನದಲ್ಲೇ ರಕ್ತದ ವಿಷಾನಿಲ ಇಳಿಯುತ್ತದೆ. ಒಂದು ವರ್ಷದಲ್ಲಿ, ಸೇದುವುದರಿಂದ ಬಂದಿದ್ದ ಹೃದಯರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಹೇಳಿದ್ದು: ಸೇದುತ್ತಲೇ ಹೋದವರು ಸರಾಸರಿ ಹತ್ತು ವರ್ಷ ಆಯಸ್ಸು ಕಳೆದುಕೊಳ್ಳುತ್ತಾರೆ. 60ಕ್ಕೆ ಬಿಟ್ಟರೂ ಮೂರು ವರ್ಷ ಮರಳಿ ಸಿಗುತ್ತದೆ, 50ಕ್ಕೆ ಬಿಟ್ಟರೆ ಆರು, 40ಕ್ಕೆ ಬಿಟ್ಟರೆ ಒಂಬತ್ತು. ‘ಇಷ್ಟು ವಯಸ್ಸಾದ ಮೇಲೆ ಬಿಟ್ಟೇನು ಪ್ರಯೋಜನ?’ ಎಂಬ ಮಾತಿಗೆ ಬೆಲೆಯಿಲ್ಲ. ‘ದಿನಕ್ಕೊಂದೇ ಅಲ್ವೇನೇ’ ಎಂಬುದಕ್ಕೂ ಇಲ್ಲ. ಆ ಒಂದರಿಂದಲೂ ಹೃದಯಕ್ಕೆ ಅಪಾಯ ಸಾಕಷ್ಟಿದೆ.

ಜಗಳವಾಡಿ ಬಿಡಿಸುವುದು ಕಷ್ಟ. ಇಬ್ಬರೂ ಕೂತು ಒಂದು ದಿನ ಗೊತ್ತುಮಾಡಿ. ಹಿಂದಿನ ರಾತ್ರಿಯೇ ಮನೆಯಲ್ಲಿರುವ ಪ್ಯಾಕು, ಬೆಂಕಿಪೊಟ್ಟಣ, ಬೂದಿಬಟ್ಟಲು ತೆಗೆದುಹಾಕಿ. ಕಾಫಿಯಾದ ಕೂಡಲೇ ಕೈ ಜೇಬಿಗೆ ಹೋಗುವ ಹೊತ್ತಿಗೆ ಏಲಕ್ಕಿಯನ್ನೋ ಸೋಂಪನ್ನೋ ಕೈಗಿಡಿ. ಮೊದಲ ಎರಡು ಮೂರು ವಾರ ಸಿಡಿಮಿಡಿ ಇದ್ದೇ ಇರುತ್ತದೆ; ಅದು ನಿಕೋಟಿನ್ನಿನ ಕೋಪ, ನಿಮ್ಮ ಮೇಲಿನದಲ್ಲ. ತಂಬಾಕು ಬಿಡಲು ಸಲಹೆ ಕೊಡುವ ಸರ್ಕಾರದ ಉಚಿತ ದೂರವಾಣಿ 1800-11-2356; ವೈದ್ಯರ ಬಳಿ ಔಷಧಿಯೂ ಉಂಟು.

ಮುಂದಿನ ಸಲ ಲಕೋಟೆ ಮೇಜಿನ ಮೇಲೆ ಬಿದ್ದಾಗ ‘ನಾರ್ಮಲ್ಲಾ?’ ಎಂದು ಕೇಳಬೇಡಿ. ‘ರೀ, ಊದಿ ನೋಡಿದ್ರಾ?’ ಎಂದು ಕೇಳಿ. ಇಲ್ಲ ಎಂದರೆ ಚಪ್ಪಲಿ ಮೆಟ್ಟಿಕೊಂಡು ನೀವೂ ಜೊತೆಗೆ ಹೊರಡಿ.