ಬೋಳಿಸಿದ ತಲೆಗೆ ಹೇರ್ ಪ್ಯಾಚ್: ನಂಬಿಕೆ ಮತ್ತು ವಾಸ್ತವ

ಹೇರ್ ಪ್ಯಾಚ್ ಬೋಳಾದ ಭಾಗವನ್ನು ಮಾತ್ರ ಮುಚ್ಚುತ್ತದೆ. ವಿಗ್ ಇಡೀ ತಲೆಯನ್ನು ಮುಚ್ಚುತ್ತದೆ. ವರ್ಷಗಟ್ಟಲೆ ತಲೆ ಬೋಳಿಸಿಕೊಂಡಿದ್ದವರು ಕೃತಕ ಕೂದಲು ತೊಡಲು ಹೊರಟಾಗ ಆಗುವ ದೊಡ್ಡ ತಪ್ಪು ಇವೆರಡನ್ನೂ ಒಂದೇ ಎಂದುಕೊಳ್ಳುವುದು.

ಇಂದು ನುಣ್ಣಗೆ ಬೋಳಿಸಿ ನಾಳೆಯೇ ಹಾಕಿಸಿಕೊಳ್ಳಬಹುದು ಎಂಬ ನಂಬಿಕೆ ವಿಗ್‌ನ ಮಟ್ಟಿಗೆ ಸರಿ, ಪ್ಯಾಚ್‌ಗೆ ಸರಿಯಲ್ಲ. ಗಂಡಸರ ವಂಶಪಾರಂಪರ್ಯ ಬೋಳುತನದಲ್ಲಿ ನೆತ್ತಿ ಖಾಲಿಯಾದರೂ ಕಿವಿಯ ಮೇಲಿನ ಮತ್ತು ಹಿಂದಲೆಯ ಕೂದಲು ಉಳಿದಿರುತ್ತದೆ. ಪ್ಯಾಚಿನ ಅಂಚು ಬೆರೆತು ಮರೆಯಾಗಬೇಕಾದದ್ದು ಆ ಕೂದಲಿನೊಳಗೆ. ತಲೆಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್; ಹಾಗಾಗಿ ಎರಡು ಮೂರು ತಿಂಗಳು ಕಾಯಲೇಬೇಕು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ಕೊಡಗಿನ ಭಾಗಮಂಡಲದ ಸಂಗಮದಲ್ಲಿ ಮುಡಿ ಕೊಟ್ಟವರ ತಲೆ ಪ್ಯಾಚಿಗೆ ಅಣಿಯಾಗುವುದು ವರ್ಷದ ಕೊನೆಗೇ. ಬಣ್ಣ ಗೊತ್ತುಮಾಡಲೂ ಈ ಕಾಯುವಿಕೆ ಬೇಕು. ದಿನವೂ ಬೋಳಿಸುತ್ತಿದ್ದವರ ಬದಿಯ ಕೂದಲು ಅಷ್ಟರಲ್ಲಿ ನರೆತಿರಬಹುದು, ಅದು ಕಾಣುವುದು ಬೆಳೆದ ಮೇಲೆಯೇ. ಕಡುಗಪ್ಪು ಪ್ಯಾಚ್ ತಂದು, ಕೆಳಗೆ ಬೂದು ಕೂದಲು ಬಂದರೆ ಗುಟ್ಟು ಅಲ್ಲಿಗೇ ರಟ್ಟು.

ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬುದೂ ನಿಜವಲ್ಲ. ಕತ್ತಿ ಚರ್ಮದೊಳಗಿನ ಬೇರನ್ನು ಮುಟ್ಟುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪಗೆ ತೋರುತ್ತದೆ, ಅಷ್ಟೆ.

ಪ್ಯಾಚ್ ಹಾಕಿದರೆ ಬೇರಿಗೆ ಗಾಳಿಯಾಡದೆ ಉಳಿದ ಕೂದಲೂ ಉದುರುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಬೇರಿಗೆ ಆಮ್ಲಜನಕ ಒದಗುವುದು ರಕ್ತದಿಂದ, ಹೊರಗಿನ ಗಾಳಿಯಿಂದಲ್ಲ. ಅಪಾಯ ಇರುವುದು ಬೇರೆ ಕಡೆ: ಪ್ಯಾಚನ್ನು ಹಿಡಿದಿಡುವ ಬಿಗಿಯಾದ ಕ್ಲಿಪ್ಪುಗಳು ಸದಾ ಎಳೆಯುತ್ತಿದ್ದರೆ ಆ ಜಾಗದ ಕೂದಲು ಸೋಲುತ್ತದೆ, ಅಂಟು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮುಂಗೈ ಒಳಭಾಗಕ್ಕೆ ಸ್ವಲ್ಪ ಅಂಟು ಹಚ್ಚಿ 24ರಿಂದ 48 ಗಂಟೆ ನೋಡುವುದು ಕ್ಷೇಮ. ಬ್ಲೇಡಿನ ಗೀರು ಮಾಯುವ ಮುನ್ನ ಅಂಟು ಸೋಕಿಸಲೇಬಾರದು.

ಬೋಳು ಚರ್ಮಕ್ಕೆ ಅಂಟು ಗಟ್ಟಿಯಾಗಿ ಹಿಡಿಯುವುದು ದಿಟ. ಆದರೆ ಒಮ್ಮೆ ಅಂಟಿಸಿದರೆ ಸಾಕೆಂಬ ಮಾತು ಕೊಡಗಿನ ಮಳೆಗಾಲದಲ್ಲಿ ನಿಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ, ಹೆಲ್ಮೆಟ್ಟಿನೊಳಗಿನ ಬೆವರು ಮತ್ತು ತೇವ ಸೇರಿ ಹಣೆಯ ಅಂಚಿನ ಟೇಪನ್ನು ಸಡಿಲಿಸುತ್ತವೆ. ಪ್ಯಾಚಿನ ಒದ್ದೆ ತಳದಡಿಯಲ್ಲಿ ತುರಿಕೆ, ಬೂಷ್ಟು ಶುರುವಾಗುತ್ತವೆ. ಇಂಥಲ್ಲಿ ಪ್ಲಾಸ್ಟಿಕ್ ತಳಕ್ಕಿಂತ ಗಾಳಿಯಾಡುವ ಲೇಸ್ ತಳವೇ ಮೇಲು. ಪ್ಯಾಚನ್ನು ಆಗಾಗ ಕಳಚಿ, ತಲೆಯನ್ನೂ ಪ್ಯಾಚನ್ನೂ ತೊಳೆದು, ಫ್ಯಾನಿನ ಕೆಳಗೆ ಒಣಗಿಸಬೇಕು. ಬಟ್ಟೆಯಂತೆ ಒಲೆಯ ಬಳಿ ಇಟ್ಟರೆ ಸಿಂಥೆಟಿಕ್ ಎಳೆ ಸುರುಟಿ ಕರಗುತ್ತದೆ.

ವಿಗ್ಗಿನ ಕೂದಲು ಸತ್ತವರದ್ದು ಎಂಬ ಅಳುಕಿಗೂ ಆಧಾರವಿಲ್ಲ. ತಿರುಮಲದಲ್ಲಿ ಭಕ್ತರು ಅರ್ಪಿಸಿದ ಮುಡಿಯನ್ನು ದೇವಸ್ಥಾನವೇ ಹರಾಜು ಹಾಕುತ್ತದೆ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಕೂದಲು ಬಿಡಿಸಿ ವಿಂಗಡಿಸುವುದು ಅನೇಕ ಮನೆಗಳ ದುಡಿಮೆ. ಒಂದೇ ತಲೆಯಿಂದ ಒಟ್ಟಿಗೆ ಬೋಳಿಸಿದ ಮುಡಿಯಲ್ಲಿ ಎಳೆಗಳ ಬುಡ ಒಂದೇ ಕಡೆಗಿರುತ್ತದೆ, ಹಾಗಾಗಿ ಅದು ಬೇಗ ಸಿಕ್ಕಾಗದು, ಬೆಲೆಯೂ ಹೆಚ್ಚು. ಬಾಚಣಿಗೆಗೆ ಉದುರಿದ ಕೂದಲಿಗೆ ಈ ಗುಣವಿಲ್ಲ.

ಅಸಲಿ ಕೂದಲಾದರೆ ವರ್ಷಾನುಗಟ್ಟಲೆ ಬಾಳುತ್ತದೆ ಎಂಬುದು ಕೊನೆಯ ತಪ್ಪು ಎಣಿಕೆ. ಬೇರಿಲ್ಲದ ಕೂದಲಿಗೆ ತಲೆಯ ಎಣ್ಣೆಯಂಶ ಸಿಗದು. ಬಿಸಿಲಿಗೆ ಬಣ್ಣ ಮಾಸುತ್ತದೆ, ಎಳೆ ಒಣಗಿ ಸೀಳುತ್ತದೆ. ದಿನವೂ ತೊಡುವ ತೆಳು ತಳದ ಪ್ಯಾಚಿನ ಆಯಸ್ಸು ಕೆಲವು ತಿಂಗಳು ಮಾತ್ರ. ಕೊಳ್ಳುವ ಮುನ್ನ ಮೊದಲ ಪ್ಯಾಚಿನ ಬೆಲೆ ಕೇಳಿದರೆ ಸಾಲದು. ವರ್ಷಕ್ಕೆ ಎಷ್ಟು ಬದಲಿಸಬೇಕು, ಅಂಟು, ಟೇಪು, ಸರ್ವಿಸ್‌ಗೆ ಎಷ್ಟಾಗುತ್ತದೆ ಎಂದು ಕೇಳಿ ಬರೆಸಿಕೊಳ್ಳಬೇಕು.